ಅಪ್ಪನ ಬೆನ್ನುನೋವು ಮನೆ ಬದಲಿಸಿದ್ದು

ನಮ್ಮೂರಿಗೆ ಹೆಣ್ಣು ಕೊಡುವವರು ಮೊದಲು ಗಂಡಿನ ಮುಖ ನೋಡುವುದಿಲ್ಲ, ಅವನ ಮನೆಯ ಕುರ್ಚಿ, ಮಂಚ, ಬಾಗಿಲುಗಳನ್ನು ನೋಡುತ್ತಾರೆ. ಬಾಗಿಲು ತೆರೆಯುವಾಗ ಭುಜ ಹಿಡಿದುಕೊಂಡವರಂತೆ ನರಳಿದರೆ ಆ ಮನೆಯಲ್ಲಿ ಯಾರೋ ಭಾರ ಹೊತ್ತು ಹೈರಾಣಾಗಿದ್ದಾರೆ ಎಂದು ಅರ್ಥ. ಊಟದ ಮಣೆ ಕುಂಟಿದರೆ ಅಜ್ಜಿಗೆ ಮಂಡಿ ಸರಿಯಿರಲಿಲ್ಲ ಎಂದು ಅರ್ಥ. ಯಾಕೆಂದರೆ ನಮ್ಮೂರಲ್ಲಿ ಮೈಯಿಂದ ತೆಗೆದ ನೋವು ಗಾಳಿಯಲ್ಲಿ ಕರಗುವುದಿಲ್ಲ. ಯಾವುದಾದರೂ ಮರದ ಸಾಮಾನಿಗೆ ಇಳಿದು ಅಲ್ಲೇ ಸಂಸಾರ ಹೂಡುತ್ತದೆ. ಹೋಗುವಾಗ ತನ್ನ ನರಳಾಟವನ್ನೂ ಗಂಟು ಕಟ್ಟಿಕೊಂಡೇ ಹೋಗುತ್ತದೆ. ಬಸ್ ನಿಲ್ದಾಣದ ಬೆಂಚಿನಲ್ಲಿ ಹಳೆಯ ಶಿರಸ್ತೇದಾರರೊಬ್ಬರ ಸೊಂಟವಿದೆ. ಅದು ಗೊಣಗಿದ ಕೂಡಲೇ ಕೂತವರು ಎದ್ದು “ತಪ್ಪಾಯ್ತು ಸ್ವಾಮಿ” ಎಂದು ಪಕ್ಕಕ್ಕೆ ಸರಿಯುತ್ತಾರೆ. ಒಮ್ಮೆ ಯಾರೋ ಲಾರಿ ತುಂಬ ಪ್ಲಾಸ್ಟಿಕ್ ಕುರ್ಚಿ ತಂದು ಮಾರಲು ನಿಂತ. ಒಂದೂ ಹೋಗಲಿಲ್ಲ. ಕುರ್ಚಿ ಅಂದಮೇಲೆ ಮನೆಯವರದೊಂದು ನೋವನ್ನಾದರೂ ಹಿಡಿಯಬೇಡವೆ?

ನೋವು ತೆಗೆಯುವವರಿಗೆ ನಮ್ಮಲ್ಲಿ ಕೈಯವರು ಎನ್ನುತ್ತಾರೆ. ನಾನು ಹೊನ್ನಾಜಮ್ಮ, ಕೈಯವಳು. ಹಿಡಿದ ಗಂಟು ಬಿಡಿಸುವಾಗಿನ ನನ್ನ ‘ಲಟಕ್’ ಪಕ್ಕದ ಬೀದಿಗೂ ಕೇಳಿಸುತ್ತದೆ ಎಂದು ಜನ ಹೇಳುತ್ತಾರೆ, ಅದು ಸುಳ್ಳು. ಅದರಾಚೆಯ ಬೀದಿಗೂ ಕೇಳಿಸುತ್ತದೆ. ನನಗೆ ಮದುವೆಯಾಗಲಿಲ್ಲ. ನೋಡಲು ಬಂದಿದ್ದ ಗಂಡು ಕತ್ತು ಓರೆ ಮಾಡಿಕೊಂಡು ಕೂತಿದ್ದ. ಉಪ್ಪಿಟ್ಟಿನ ತಟ್ಟೆ ಕೊಡಲು ಹೋದವಳಿಗೆ ಕೈ ತಡೆಯಲಿಲ್ಲ. ಲಟಕ್. ಕತ್ತು ಸರಿಹೋಯಿತು, ಸಂಬಂಧ ಮುರಿಯಿತು. ಅವನು ಈಗಲೂ ಎದುರು ಸಿಕ್ಕಿದರೆ ಎರಡೂ ಕಡೆಗೆ ಕತ್ತು ಸಲೀಸಾಗಿ ತಿರುಗಿಸಿ, ಕೊನೆಗೆ ನಾನಿಲ್ಲದ ಕಡೆಗೆ ನೋಡುತ್ತಾನೆ.

ಕೈಯವರಲ್ಲಿ ಭೇದಗಳಿವೆ, ಸಣ್ಣವಲ್ಲ. ಒಬ್ಬನ ಕತ್ತು ಬಲಕ್ಕೆ ತಿರುಗುವುದಿಲ್ಲ ಎನ್ನಿ. ತಿರುಗುತ್ತ ಹೋಗಿ ಒಂದು ಕಡೆ ಗೋಡೆಗೆ ಬಡಿದ ಹಾಗೆ ನಿಂತುಬಿಡುತ್ತದಲ್ಲ, ಅದಕ್ಕೆ ನಾವು ತಡೆ ಎನ್ನುತ್ತೇವೆ. ಆ ತಡೆಯ ತನಕ ಹೋಗಿ ಅದನ್ನೇ ದಾಟಿಸುವವರು ಎದುರುಗೈಯವರು. ನಾನು ಆ ಪೈಕಿ. ಜೊತೆಗೈಯವರ ರೀತಿಯೇ ಬೇರೆ. ಬಲಕ್ಕೆ ಬಾರದ ಕತ್ತನ್ನು ಅವರು ಎಡಕ್ಕೇ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಎಲ್ಲಿ ಹಾಯೆನಿಸುತ್ತದೋ ಅಲ್ಲಿ ಹಿಡಿದುಕೊಂಡು, ತಾನಾಗಿ ಸಡಿಲವಾಗುವ ತನಕ ಕಾಯುತ್ತಾರೆ. ಅಷ್ಟರಲ್ಲಿ ನಾನಾದರೆ ಒಂದು ಸೇರು ಅವರೆಕಾಯಿ ಸುಲಿದು ಸಾರಿಗಿಟ್ಟಿರುತ್ತೇನೆ.

ಇದು ಮೊದಲನೆಯ ಭೇದ. ಎರಡನೆಯದು, ದುಡಿಯುವವರು ಯಾರು ಎಂಬುದು. ಕೆಲವರು ರೋಗಿಯನ್ನು ಸುಮ್ಮನೆ ಇರಿಸಿ ತಾವೇ ಎಲ್ಲ ಮಾಡುತ್ತಾರೆ. ಇನ್ನು ಕೆಲವರು “ನನ್ನ ಕೈಯನ್ನು ನೂಕು, ಇನ್ನೂ ನೂಕು, ಈಗ ಬಿಡು” ಎಂದು ರೋಗಿಯಿಂದಲೇ ದುಡಿಸಿಕೊಳ್ಳುತ್ತಾರೆ. ಊರಿನ ಜನಕ್ಕೆ ಈ ಭೇದಗಳು ಬಾಯಿಪಾಠ, ಯಾಕೆಂದರೆ ನೋವು ಎಲ್ಲಿಗೆ ಹೋಗುತ್ತದೆ ಎಂಬುದು ಅದರ ಮೇಲೇ ನಿಂತಿದೆ. ನನ್ನಂಥವಳು ಲಟಕ್ ಎನಿಸಿದರೆ ನೋವು ಚಿಮ್ಮಿ ಮನೆಯಾಚೆ ಯಾರದೋ ಗೇಟಿಗೋ ಗೂಡಂಗಡಿಗೋ ಹೋಗಿ ಬೀಳುತ್ತದೆ. ತಡೆಯ ಎದುರು ರೋಗಿಯೇ ನೂಕಿದರೆ ಅವನು ನೋಡುತ್ತಿರುವ ಸಾಮಾನಿಗೆ ಹೋಗುತ್ತದೆ. ಜೊತೆಗೈಯವರು ರೋಗಿಯನ್ನು ಸಡಿಲವಾಗಿ ಮಲಗಿಸಿಯೋ ಕೂರಿಸಿಯೋ ಮಾಡಿದರೆ ಮೆಲ್ಲಗೆ ಅವನ ಕೆಳಗಿನ ಹಲಗೆಗೆ ಇಂಗುತ್ತದೆ. ನಾಲ್ಕನೆಯ ಬಗೆಯೂ ಇರಬೇಕಲ್ಲ? ಹಾಯಾದ ಕಡೆಗೇ ಹೋಗಬೇಕು, ಆದರೆ ರೋಗಿಯೇ ದುಡಿಯಬೇಕು. ಅದನ್ನು ಮಾಡಿದವರು ಯಾರೂ ಇರಲಿಲ್ಲ. ಸುಖದ ಕಡೆ ಹೋಗುವವನಿಗೆ ದುಡಿಮೆ ಯಾಕೆ ಎಂದು ಹಿರಿಯರು ನಗುತ್ತಿದ್ದರು.

ನಮಗೊಂದು ಕಲ್ಲಿನ ಛತ್ರವಿದೆ. ಅದರಲ್ಲಿ ಕಡ್ಡಿಯಷ್ಟೂ ಮರವಿಲ್ಲ, ಇದ್ದಿದ್ದರೆ ಇಷ್ಟು ಹೊತ್ತಿಗೆ ಛತ್ರವೇ ನರಳಿ ನರಳಿ ಬಿದ್ದುಹೋಗುತ್ತಿತ್ತು. ಯುಗಾದಿ ಕಳೆದ ಮೇಲೆ ಅಲ್ಲಿ ವಿಂಗಡಣೆ ನಡೆಯುತ್ತದೆ. ಪ್ರತಿಯೊಬ್ಬ ಕೈಯವರೂ ತಮ್ಮ ವಿದ್ಯೆ ತೋರಿಸಬೇಕು, ಹಿರಿಯರು ಹೇಳಿದ ಮೂಲೆಗೆ ಹೋಗಿ ನಿಲ್ಲಬೇಕು. ಅದೇ ಮೂಲೆಯ ಹೆಸರಲ್ಲಿ ಒಂದು ವರ್ಷ ಕಸುಬು ಮಾಡಬೇಕು. ಬಡಿದಾಟಗಳಾಗುತ್ತವೆ. ಮೆತ್ತಗೆ ಶುರುಮಾಡಿ ಕೊನೆಗೆ ಲಟಕ್ ಎನಿಸಿದವನೊಬ್ಬನನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಎರಡು ಮೂಲೆಗಳ ನಡುವೆ ಕಾಲು ಅಗಲಿಸಿಕೊಂಡು ನಿಲ್ಲಿಸಿದ್ದರು. ನಾಲ್ಕನೆಯ ಬಗೆಗೆಂದು ಬಿಟ್ಟ ಈಶಾನ್ಯ ಮೂಲೆ ಮಾತ್ರ ಯಾವಾಗಲೂ ಖಾಲಿ. ಅಲ್ಲಿ ಒಂದು ದೀಪ ಹಚ್ಚಿಟ್ಟು ಎಲ್ಲರೂ ಉಳಿದ ಮೂರು ಮೂಲೆಗಳಲ್ಲಿ ನೂಕಾಡುತ್ತಿದ್ದರು.

ವಿಂಗಡಣೆಯ ಹಿರಿಯರಲ್ಲಿ ಮುಖ್ಯರು ಜೊತೆಗೈಯ ಬೋರಲಿಂಗಯ್ಯನವರು. ಅರವತ್ತು ದಾಟಿದ, ಹೆಂಡತಿ ತೀರಿಕೊಂಡ, ಮಾತಿಗಿಂತ ಮೌನವೇ ಜಾಸ್ತಿಯಾದ ಮನುಷ್ಯ. ಮಾತಾಡಿದರೆ ಮಾತ್ರ ನನ್ನ ಬಗ್ಗೆಯೇ. “ಹೊನ್ನಾಜಮ್ಮನ ಕೆಲ್ಸ ಏನಪ್ಪಾ ಅಂದ್ರೆ, ತನ್ನ ಮನೆ ಕಸ ಗುಡಿಸಿ ಪಕ್ಕದ ಮನೆ ಕಾಂಪೌಂಡಿಗೆ ಎಸೆಯೋದು,” ಎಂದು ತುಂಬಿದ ಛತ್ರದಲ್ಲಿ ಒಮ್ಮೆ ಹೇಳಿದ್ದರು. ನಾನು ಸುಮ್ಮನಿರುವ ಪೈಕಿಯಲ್ಲ. “ನಿಮ್ಮ ರೋಗಿಗಳು ವಾಸಿಯಾಗೋದಲ್ಲ, ಕಾದೂ ಕಾದೂ ಬೇಜಾರಾಗಿ ಎದ್ದು ಹೋಗೋದು,” ಎಂದಿದ್ದೆ.

ಇನ್ನು ನಮ್ಮಪ್ಪನ ವಿಷಯ. ಅಪ್ಪ ಮರಿದೇವಯ್ಯ ದರ್ಜಿ. ಜೀವಮಾನವೆಲ್ಲ ಮೆಷಿನ್ನಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಿಡಿಸಿಕೊಂಡಿದ್ದ. ಮಗಳೇ ಕೈಯವಳಾದರೂ ನನ್ನ ಹತ್ತಿರ ಬರುತ್ತಿರಲಿಲ್ಲ. “ನಿನ್ನ ಕೈಗೆ ನನ್ನ ಬೆನ್ನು ಕೊಟ್ರೆ ಊರಾಚೆ ಹೋಗಿ ಬೀಳ್ತದೆ, ಹುಡುಕ್ಕೊಂಡು ಬರೋರ್ಯಾರು?” ಎಂದು ನಗುತ್ತಿದ್ದ. ಸಂಜೆ ಹಲಸಿನ ಮರದ ತನ್ನ ಕೈಕುರ್ಚಿಯಲ್ಲಿ ಕೂತು “ಅಯ್ಯೋ ಶಿವನೇ, ಮುಗೀತು ಕಣೇ!” ಎಂದು ಕೂಗುತ್ತಿದ್ದ. ಅವ್ವ ಅಡುಗೆಮನೆಯಿಂದ “ಬಂದೆ, ಬಂದೆ, ಇನ್ನೂ ಮುಗ್ದಿಲ್ಲ, ಸುಮ್ಕಿರಿ,” ಎನ್ನುತ್ತ ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಹರಳೆಣ್ಣೆ ಹಿಡಿದು ಬರುತ್ತಿದ್ದಳು. ಅವಳು ಬೆನ್ನು ತಿಕ್ಕುತ್ತಿದ್ದ ಹಾಗೆ ದಿನಕ್ಕಿಷ್ಟು ನೋವು ಕುರ್ಚಿಗೆ ಇಳಿಯುತ್ತಿತ್ತು. ಮರುದಿನ ಅಷ್ಟೇ ನೋವನ್ನು ಅಪ್ಪ ಅಂಗಡಿಯಿಂದ ಹೊತ್ತು ತರುತ್ತಿದ್ದ.

ಅಪ್ಪ ತೀರಿಕೊಂಡ. ಕುರ್ಚಿ ಉಳಿಯಿತು. ಸಂಜೆ ಕಾಫಿ ಹೊತ್ತಿಗೆ ಸರಿಯಾಗಿ ಕುರ್ಚಿಯ ಬೆನ್ನು “ಅಯ್ಯೋ ಶಿವನೇ, ಮುಗೀತು ಕಣೇ!” ಎನ್ನುತ್ತಿತ್ತು. ದನಿ ಅದೇ, ಎಳೆತ ಅದೇ, ‘ಕಣೇ’ ಎನ್ನುವಾಗಿನ ಸುಳ್ಳುಸುಳ್ಳೇ ಸಂಕಟವೂ ಅದೇ. ಅವ್ವ “ಬಂದೆ, ಬಂದೆ,” ಎಂದು ಕಾಫಿ ತಂದು ಕುರ್ಚಿಯ ಕೈ ಮೇಲಿಟ್ಟು, ಎದುರಿಗೆ ಕೂತು ಬೀದಿಯ ಸುದ್ದಿಯೆಲ್ಲ ಹೇಳಿ, ಆರಿದ ಕಾಫಿಯನ್ನು ತಾನೇ ಕುಡಿಯುತ್ತಿದ್ದಳು. ಮನೆ ಬಿಟ್ಟು ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಕರೆದರೆ “ಅವರೊಬ್ರೇ ಆಗ್ತಾರಲ್ಲೇ,” ಎನ್ನುತ್ತಿದ್ದಳು. ನಾನು ರೇಗುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನಾನೂ ರೋಗಿಗಳನ್ನೆಲ್ಲ ಕಳಿಸಿ ಏನಾದರೊಂದು ನೆಪ ಮಾಡಿಕೊಂಡು ನಡುಮನೆಯಲ್ಲಿ ಸುಳಿದಾಡುತ್ತಿದ್ದೆ.

ಈ ಸಲ ಚಳಿಗಾಲದಲ್ಲಿ ಕುರ್ಚಿಯ ಹಿಂಗಾಲು ಸೀಳತೊಡಗಿತು. ಬಡಗಿ ಚಿನ್ನಾಚಾರಿಯನ್ನು ಕರೆಸಿದೆ. ಅವನು ಕುರ್ಚಿಯನ್ನು ಸುತ್ತು ಹಾಕಿ, ಕಿವಿಗೊಟ್ಟು ಕೇಳಿ, ತಲೆ ಅಲ್ಲಾಡಿಸಿದ.

“ನೋವು ತುಂಬ್ಕೊಂಡ್ಬುಟ್ಟದೆ ಹೊನ್ನಾಜಮ್ಮ. ಕೈಗಳು ಗಟ್ಟಿಯಾಗವೆ, ಬೆನ್ನೂ ಕಾಲೂ ಹೋಯ್ತು. ಶಿವರಾತ್ರಿ ಗಂಟ ತಡೆದ್ರೆ ಹೆಚ್ಚು.”

“ಮುರಿದ್ರೆ ಏನಾಯ್ತದೆ?” ಎಂದಳು ಅವ್ವ.

ಅವನು ನನ್ನ ಮುಖ ನೋಡಿದ. ಮುರಿದು ಸೌದೆಯಾದ ಮರದಲ್ಲಿ ನೋವು ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದು ಅಲ್ಲಿಗೆ ಮುಗಿಯುತ್ತದೆ. ಅವ್ವನಿಗೂ ಗೊತ್ತಿತ್ತು.

ದಾರಿ ಇಲ್ಲದೆ ಇರಲಿಲ್ಲ. ಮರದಲ್ಲಿರುವ ನೋವನ್ನೂ ಎಬ್ಬಿಸಬಹುದು. ಆದರೆ ಮರದಿಂದ ಎದ್ದದ್ದು ನೇರ ಇನ್ನೊಂದು ಮರಕ್ಕೆ ಹೋಗುವುದಿಲ್ಲ, ನಡುವೆ ಒಂದು ಮೈ ಬೇಕು. ಯಾರಾದರೂ ಅದನ್ನು ಮೈಮೇಲೆ ತೆಗೆದುಕೊಂಡು, ಆಮೇಲೆ ಹೊಸ ಕುರ್ಚಿಗೆ ದಾಟಿಸಬೇಕು. ಚಿನ್ನಾಚಾರಿ ಹಲಸಿನ ಮರದಲ್ಲೇ ಹೊಸ ಕುರ್ಚಿ ಮಾಡಿಕೊಟ್ಟ.

“ಆ ನೋವು ನಂಗೆ ಕೊಡು,” ಎಂದಳು ಅವ್ವ.

“ನಿನ್ನ ಬೆನ್ನು ಇರೋದೇ ಪೊರಕೆ ಹಂಚಿಕಡ್ಡಿ ಅಷ್ಟು. ಸುಮ್ನೆ ಕೂತ್ಕೋ, ನಾನು ತಗೊಳ್ತೀನಿ.”

“ನೀನು ತಗೊಳ್ಳೋ ಪೈಕಿ ಅಲ್ಲ ಕಣೆ ಮಗಳೇ, ಎಸೆಯೋ ಪೈಕಿ.”

ಈ ಮಾತು ನನಗೆ ಚುಚ್ಚಿತು. ಬೋರಲಿಂಗಯ್ಯ ಅಂದದ್ದು ಸಾಲದೆಂದು ಹೆತ್ತವಳೂ ಅನ್ನಬೇಕೆ? ಬಾಗಿಲು ಕಿಟಕಿಗಳನ್ನೆಲ್ಲ ಹಾಕಿಬಿಟ್ಟರೆ ಚಿಮ್ಮಿದ ನೋವು ಎಲ್ಲಿಗೆ ಹೋದೀತು, ಗೋಡೆಗೆ ಬಡಿದು ನನ್ನ ಮೈಗೇ ಬರಬೇಕು ಎಂದು ಲೆಕ್ಕ ಹಾಕಿದೆ. ಅವ್ವನನ್ನು ಅಡುಗೆಮನೆಯಲ್ಲಿ ಕೂರಿಸಿ ಚಿಲಕ ಹಾಕಿದೆ. ಕುರ್ಚಿಯ ಬೆನ್ನಿಗೆ ಮಂಡಿ ಕೊಟ್ಟೆ, ಎರಡೂ ಕೈ ಹಿಡಿದೆ, ತಡೆ ಸಿಗುವ ತನಕ ಹಿಂದಕ್ಕೆಳೆದೆ. ಸಿಕ್ಕಿತು. ಲಟಕ್.

ಅಂಥ ಲಟಕ್ ನನ್ನ ಜೀವಮಾನದಲ್ಲೇ ಬಂದಿರಲಿಲ್ಲ. ಕುರ್ಚಿ ಹಗುರಾಗಿ ನಿಟ್ಟುಸಿರಿಟ್ಟಿತು. ನಾನು ನನ್ನ ಬೆನ್ನು ಮುಟ್ಟಿ ನೋಡಿಕೊಂಡೆ. ಏನೂ ಇಲ್ಲ, ಹೂವಿನಂತಿದೆ. ತಲೆಯೆತ್ತಿದರೆ ಸೂರಿನ ಕೆಳಗಿನ ಬೆಳಕಿಂಡಿ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಅದೇ ಹೊತ್ತಿಗೆ ಬೀದಿಯಿಂದ ಕೂಗು ಕೇಳಿಸಿತು.

“ಅಯ್ಯೋ ಶಿವನೇ, ಮುಗೀತು ಕಣೇ!”

ಬಾಗಿಲು ತೆಗೆದು ಓಡಿದೆ. ಬೋರಲಿಂಗಯ್ಯನವರು ಸಂತೆ ಚೀಲ ಹಿಡಿದು ನಮ್ಮ ಮನೆಯ ಮುಂದೆ ಅರ್ಧಕ್ಕೆ ಬಗ್ಗಿ ನಿಂತಿದ್ದರು. ಚೀಲದಿಂದ ಬದನೆಕಾಯಿಗಳು ಉರುಳಿ ಬೀದಿಪಾಲಾಗುತ್ತಿದ್ದವು. ತಮ್ಮ ಬಾಯಿಂದ ಬಂದ ಮಾತಿಗೆ ಅವರೇ ಬೆಚ್ಚಿದ್ದರು. ಅವರು ಹೆಂಡತಿಗೂ ಎಂದೂ ‘ಕಣೇ’ ಎಂದವರಲ್ಲ. ನಾನು ಬಾಯಿ ತೆರೆಯುವುದರೊಳಗೆ ಅವ್ವ ಹಿತ್ತಲ ಕಡೆಯಿಂದ ಸುತ್ತಿ ಬಂದಿದ್ದಳು, ಕೈಯಲ್ಲಿ ಕಾಫಿ ಲೋಟ.

“ಬಂದೆ, ಬಂದೆ, ಇನ್ನೂ ಮುಗ್ದಿಲ್ಲ, ಸುಮ್ಕಿರಿ.”

ಬೋರಲಿಂಗಯ್ಯ ಲೋಟ ತೆಗೆದುಕೊಂಡರು. ಬೀದಿಯಲ್ಲೇ ನಿಂತು, ಬಗ್ಗಿದ ಹಾಗೇ, ಕೊನೆಯ ಗುಟುಕಿನವರೆಗೂ ಕುಡಿದರು.

ಮರುದಿನದಿಂದ ಸಂಜೆಯಾಯಿತೆಂದರೆ ಬೋರಲಿಂಗಯ್ಯನವರ ಮನೆಯಿಂದ ನಮ್ಮಪ್ಪ ಕೂಗುತ್ತಿದ್ದ, ಅವ್ವ ಫ್ಲಾಸ್ಕ್ ಹಿಡಿದು ಹೊರಡುತ್ತಿದ್ದಳು. ವರ್ಷಗಳಿಂದ ಹೊಸಿಲು ದಾಟದವಳು! ನಡೆಯಲು ಕಾಲು ಕೇಳುತ್ತಿರಲಿಲ್ಲ. ಆ ಹಳೆಯ ಕುರ್ಚಿ ನೋವು ಹೋದರೂ ಉಳಿಯಲಿಲ್ಲ, ಹಿಂಗಾಲು ಪೂರ್ತಿ ಸೀಳಿತ್ತು. ಚಿನ್ನಾಚಾರಿ ಅದರ ಗಟ್ಟಿಯಾಗಿದ್ದ ಒಂದು ಕೈಯನ್ನು ಕೆತ್ತಿ ಹಿಡಿಕೆ ಮಾಡಿ, ಹೊಸ ಕುರ್ಚಿಗೆ ತಂದು ಮಿಕ್ಕಿದ್ದ ಹಲಸಿಗೆ ಜೋಡಿಸಿ ಅವ್ವನಿಗೊಂದು ಊರುಗೋಲು ಮಾಡಿಕೊಟ್ಟ. ಅದನ್ನೂರಿಕೊಂಡು ಅವಳು ಬೀದಿಯಲ್ಲಿ ಹೋಗುವುದನ್ನು ಊರೇ ನೋಡಿತು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? “ನಿಮ್ಮಪ್ಪಾವ್ರು ಮನೆ ಬದಲಾಯಿಸಿದ್ರಂತೆ?” ಎಂದು ಹಾಲಿನವನು ಕೇಳಿದ. ಅವನಿಗೆ ಬೆನ್ನು ಹಿಡಿಯಲಿ ಎಂದು ಹಾರೈಸಿದೆ.

ತಡೆಯಲಾರದೆ ಒಂದು ಬೆಳಿಗ್ಗೆ ಬೋರಲಿಂಗಯ್ಯನವರ ಮನೆಗೆ ಹೋದೆ. ಅವರು ಜಗಲಿಯ ಕಲ್ಲುಕಂಬ ಹಿಡಿದು ನಿಂತಿದ್ದರು.

“ನಮ್ಮಪ್ಪನ ನೋವು ವಾಪಸ್ ಕೊಡಿ,” ಎಂದೆ.

“ನಾನೇನು ಕದ್ದಿದ್ನಾ? ನೀನೇ ಎಸೆದೆ.”

“ಯಾರಾದ್ರೂ ನೂಕಿಸೋ ಕೈಯವರನ್ನ ಕರ್ಕೊಂಡು ಬರ್ತೀನಿ. ಹೊಸ ಕುರ್ಚಿ ನೋಡ್ತಾ ನೂಕಿ, ದಾಟಿಹೋಯ್ತದೆ.”

“ಬೇಡ.”

“ಬೇಡ ಅಂದ್ರೆ?”

ಅವರು ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. “ನೋಡು ಹೊನ್ನಾಜಮ್ಮ, ಇಷ್ಟು ವರ್ಷ ಊರೋರ ನೋವಿನ ಜೊತೇಲಿ ಹೋದೆ. ನಂಗೆ ನೋವಾದಾಗ ಬಂದೆ ಅನ್ನೋರು ಯಾರೂ ಇರ್ಲಿಲ್ಲ. ಈಗ ಕೂಗಿದ್ರೆ ಒಂದು ಜೀವ ಬಂದೆ ಅಂತದೆ. ಕಾಫೀನೂ ಚೆನ್ನಾಗಿರ್ತದೆ. ಇರ್ಲಿ ಬುಡು ಇನ್ನೊಂದಷ್ಟು ದಿನ.”

ಬೈಯಲು ಬಂದವಳಿಗೆ ಬೈಗುಳ ಮರೆತುಹೋಯಿತು. ಆ ಮನುಷ್ಯನನ್ನು ಕಂಡು ನನಗೆ ಪಾಪ ಅನಿಸಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆದರೆ ಒಂದು ಹಲಸಿನ ಕುರ್ಚಿಯನ್ನೇ ಸೀಳಿದ ನೋವು ಒಬ್ಬ ಮನುಷ್ಯನನ್ನು ಸುಮ್ಮನೆ ಬಿಟ್ಟೀತೆ? ದಿನ ಕಳೆದಂತೆ ಬೋರಲಿಂಗಯ್ಯ ಇಳಿದುಹೋದರು. ಮಲಗಲಾರರು, ಕೂರಲಾರರು. ಹಗಲೆಲ್ಲ ಕಂಬ ತಬ್ಬಿಕೊಂಡು ನಿಂತೇ ಇರುತ್ತಿದ್ದರು. ಅವರ ರೋಗಿಗಳು ನನ್ನ ಬಾಗಿಲಿಗೆ ಬರತೊಡಗಿದರು. ಗೆದ್ದೆ ಎಂದು ಕುಣಿಯಬೇಕಾಗಿತ್ತು, ಕುಣಿಯಲು ಮನಸ್ಸಾಗಲಿಲ್ಲ. ಒಂದು ಸಂಜೆ ಅವ್ವ ಬೇಗ ವಾಪಸ್ ಬಂದಳು. ಫ್ಲಾಸ್ಕ್ ತುಂಬಿದ ಹಾಗೇ ಇತ್ತು.

“ಇವತ್ತು ಅವರು ಕಣೇ ಅನ್ನಲಿಲ್ಲ,” ಎಂದಳು. “ಬರೀ ಅಯ್ಯೋ ಅಂದ್ರು. ಅದು ನಿಮ್ಮಪ್ಪ ಅಂದದ್ದಲ್ಲ, ಬೋರಣ್ಣ ಅಂದದ್ದು. ಪಾಪ ಅವನದಲ್ಲದ ನೋವು. ನನ್ನ ಆಸೆಗೆ ಅವನ್ಯಾಕೆ ಸಾಯಬೇಕು? ತೆಗೆದುಬುಡು ಹೊನ್ನಾಜಿ.”

“ಹೊಸ ಕುರ್ಚಿಗೆ ಬರದೇ ಹೋದ್ರೆ?”

“ಹೋಗ್ಲಿ.”

ಅವಳು ‘ಹೋಗ್ಲಿ’ ಎಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಹಳೆಯ ಪಂಚೆ ಕೂಡ ಬಿಸಾಡದ ಹೆಂಗಸು.

ಮಾರನೆಯ ದಿನ ಹೊಸ ಕುರ್ಚಿಯನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋದೆವು. ಬೋರಲಿಂಗಯ್ಯ ಈ ಸಲ ಬೇಡ ಎನ್ನಲಿಲ್ಲ, ಅನ್ನುವ ತ್ರಾಣವೂ ಇರಲಿಲ್ಲ. ಕುರ್ಚಿಯನ್ನು ಅವರೆದುರು ಇಟ್ಟು ಕಷ್ಟಪಟ್ಟು ಯೋಚಿಸಿದೆ. ಲಟಕ್ ಎನಿಸಿದರೆ ಮತ್ತೆ ಬೀದಿಗೆ. ತಡೆಯ ಎದುರು ನೂಕಿ ಎಂದರೆ ಬೆರಳಗಲ ನೂಕುವುದರೊಳಗೆ ಜೀವ ಹೋದ ಹಾಗೆ ಕಿರುಚಿದರು. ಜೊತೆಗೈ ಮಾಡಿ ಕುರ್ಚಿಗೇ ಇಂಗಿಸೋಣವೆಂದರೆ ಕೂರಲಾರರು. ಸಡಿಲ ಬಿಡೋಣವೆಂದರೆ ನಿಂತ ಮೈ ಸಡಿಲವಾಗುವುದಿಲ್ಲ. ಮೂರು ಮೂಲೆಯೂ ಮುಗಿದವು.

“ಹಾಯಾಗಿರೋ ಕಡೆ ಹೋಗ್ಬೇಕು, ನೀವೇ ಹೋಗ್ಬೇಕು,” ಎಂದೆ. “ಈಶಾನ್ಯ.”

“ಅದು ಯಾರಿಗೂ ಬರಲ್ಲ,” ಎಂದರು ಬೋರಲಿಂಗಯ್ಯ, ಕಂಬಕ್ಕೆ ಮುಖ ಒತ್ತಿಕೊಂಡೇ.

“ನೂಕಿಸೋದು ಛತ್ರದಲ್ಲಿ ನೋಡಿ ನೋಡಿ ನಂಗೆ ಗೊತ್ತು, ಜೊತೆಗೆ ಹೋಗೋದು ನಿಮಗೆ ಗೊತ್ತು. ಹೇಳ್ಕೊಡಿ.”

ಅವರ ಹಿಂದೆ ನಿಂತು ಬೆನ್ನಿಗೆ ಅಂಗೈ ಇಟ್ಟೆ. “ಒತ್ತಬೇಡ,” ಎಂದರು. “ಒತ್ತಿಲ್ಲ,” ಎಂದೆ. “ಒತ್ತಿದೀಯ. ಕೈಯಲ್ಲೇ ಜಗಳ ಆಡ್ತೀಯಲ್ಲೇ ತಾಯಿ. ಬೆನ್ನು ಎಲ್ಲಿಗೆ ಹೋಗ್ಬೇಕು ಅಂತದೆ, ಕೇಳು.” ನಾನು ಕೇಳಿದೆ. ಅಂದರೆ ಕೈಯನ್ನು ಸುಮ್ಮನಿರಿಸಿದೆ. ಎಷ್ಟು ಕಷ್ಟವೆಂದು ನನ್ನಂಥವರಿಗೇ ಗೊತ್ತು. ಸ್ವಲ್ಪ ಹೊತ್ತಿಗೆ ಬೆನ್ನು ನನ್ನ ಕೈಯಡಿಯಲ್ಲಿ ಮುಂದಕ್ಕೆ, ಕೊಂಚ ಎಡಕ್ಕೆ ಜಾರಿತು. ನಾನು ಹಿಂದೆಯೇ ಹೋದೆ. ಇನ್ನೂ ಬಗ್ಗಿತು. ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಚಿವುಟಿ ಹಿಡಿಯಿತು. ಅಲ್ಲಿಗೆ ನಿಂತುಹೋಯಿತು. “ದುಡೀರಿ,” ಎಂದೆ. “ಏನ್ ದುಡೀಲಿ? ಎಲ್ಲಿಗೆ ಹೋಗ್ಬೇಕೋ ನಂಗೇ ತಿಳೀತಿಲ್ಲ,” ಎಂದರು.

ಅವ್ವ ಜಗಲಿಯ ಅಂಚಿನಲ್ಲಿ ನೋಡುತ್ತ ನಿಂತಿದ್ದವಳು ಇದ್ದಕ್ಕಿದ್ದಂತೆ ನಕ್ಕಳು.

“ಅಯ್ಯೋ ಪೆದ್ದುಗಳಾ, ಹೊಲೀತಾವ್ರೆ! ಸೂಜಿಗೆ ದಾರ ಪೋಣಿಸ್ತಾವ್ರೆ. ಬೋರಣ್ಣ, ನಾಲಿಗೆ ಕಚ್ಕೋ. ಎಡಗಣ್ಣು ಮುಚ್ಚು. ಹಾಂ, ಹಂಗೆ. ಈಗ ದಾರ ಎಳೆದ್ಬುಡು. ಇನ್ನು ಕಾಲು ತುಳಿ, ಬಲಗಾಲು ಮೊದ್ಲು.”

ಬೋರಲಿಂಗಯ್ಯ ಜೀವಮಾನದಲ್ಲಿ ಸೂಜಿ ಹಿಡಿದವರಲ್ಲ. ಆದರೆ ಅವರ ಬಲಗಾಲು ಕಲ್ಲಿನ ಮೇಲೆ ತಟ್ಟತೊಡಗಿತು. ಎರಡೂ ಕೈಗಳು, ಇಲ್ಲದ ಬಟ್ಟೆಯನ್ನು ಮುಂದಕ್ಕೆ ಸರಿಸತೊಡಗಿದವು. “ಟಕಟಕ ಟಕಟಕ,” ಎಂದು ಅವ್ವ ಊರುಗೋಲೆತ್ತಿ ತಾಳ ಹಾಕಿದಳು. “ಮೂಲೆ ಬಂತು, ತಿರುಗ್ಸು. ಅವರು ಮೂಲೇಲಿ ಒಂದು ಉಸಿರು ಬುಡೋರು. ಬುಡು. ಹಾಂ. ಕಾಜಾ ಆಮೇಲೆ ಮಾಡಿದ್ರಾಯ್ತು.” ನನ್ನ ಅಂಗೈಯಡಿಯಲ್ಲಿ ಬೆನ್ನಿನ ಒಂದೊಂದೇ ಗಂಟು ಕೆಲಸ ಮುಗಿಸಿದ ಕೂಲಿಯವನಂತೆ ಕೆಳಗೆ ಕೂರುತ್ತಿತ್ತು. ಲಟಕ್ ಇಲ್ಲ, ಸದ್ದೇ ಇಲ್ಲ. “ಕುರ್ಚಿ ನೋಡಿ,” ಎಂದು ಕೂಗಿದೆ, “ಕಣ್ಣು ಕುರ್ಚಿ ಮೇಲಿರ್ಲಿ!” ಎಲ್ಲಿಯ ಕುರ್ಚಿ? ಬೋರಲಿಂಗಯ್ಯನವರ ಕಣ್ಣು ತಾಳ ಹಾಕುತ್ತಿದ್ದ ಕೋಲಿನ ಮೇಲೇ ನೆಟ್ಟಿತ್ತು. ಕೊನೆಯ ಹೊಲಿಗೆ ಮುಗಿಯಿತೋ ಏನೋ, ಅವರು ಹಲ್ಲಿನಿಂದ ದಾರ ಕಡಿದ ಹಾಗೆ ಮಾಡಿ ನೆಟ್ಟಗೆ ಎದ್ದು ನಿಂತರು.

ಎಲ್ಲರೂ ಕುರ್ಚಿಗೆ ಕಿವಿಗೊಟ್ಟೆವು. ಕುರ್ಚಿ ಸುಮ್ಮನಿತ್ತು. ನಾನು ಅದರ ಬೆನ್ನು ತಟ್ಟಿದೆ, ಒತ್ತಿದೆ, ಕೂತೂ ನೋಡಿದೆ. ಹೊಸ ಮರದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಹೋಯಿತು ಎಂದುಕೊಂಡೆ. ಅಪ್ಪ ಸತ್ತಾಗಲೂ ಇಷ್ಟು ಪೂರ್ತಿಯಾಗಿ ಹೋಗಿರಲಿಲ್ಲ. “ಆಯ್ತಲ್ಲ, ನಡಿ ಮನೆಗೆ,” ಎಂದು ಅವ್ವ ಕೋಲೂರಿ ಒಂದು ಹೆಜ್ಜೆ ಇಟ್ಟಳು.

“ಅಯ್ಯೋ ಶಿವನೇ, ಮುಗೀತು ಕಣೇ!” ಎಂದಿತು ಕೋಲು.

ನಾನು ಅತ್ತೆ. ನಾಚಿಕೆಯಿಲ್ಲದೆ ಗಟ್ಟಿಯಾಗಿಯೇ ಅತ್ತೆ. ಬೀದಿಯಲ್ಲಿ ನಿಂತವರು ಬೋರಲಿಂಗಯ್ಯ ಹೋಗಿಬಿಟ್ಟರೆಂದು ತಿಳಿದು ಒಳಗೆ ಓಡಿ ಬಂದರು. ಅವರು ನೆಟ್ಟಗೆ ನಿಂತಿದ್ದರು, ಆದರೆ ಮುಖ ಬಾಡಿತ್ತು. ಅವರಿಗೆ ನೋವು ಹೋಗಿತ್ತು, ಸಂಜೆಯ ಕೂಗೂ ಹೋಗಿತ್ತು. ಅವ್ವ ಕೋಲನ್ನು ಎದೆಗೊತ್ತಿಕೊಂಡೇ ಅವರ ಕಡೆ ತಿರುಗಿದಳು.

“ನಾಳೆಯಿಂದ ನೀನೇ ಬಾ ಬೋರಣ್ಣ ಕಾಫೀಗೆ. ನರಳೋದೇನೂ ಬೇಕಾಗಿಲ್ಲ.”

ಈಗ ಅವರು ದಿನವೂ ಬರುತ್ತಾರೆ. ನೋವಿಲ್ಲದ ಕುರ್ಚಿ ಊರಿಗೆಲ್ಲ ನಮ್ಮ ಹೊಸದೊಂದೇ ಆದ್ದರಿಂದ ಬೇರೆಯವರಿಗೆ ಕೂರಲು ಅಂಜಿಕೆ, ಅವರೇ ಕೂರುತ್ತಾರೆ. ನನ್ನ ಕೆಲಸ ನೋಡಿ “ಒತ್ತಬೇಡ,” ಎನ್ನುತ್ತಾರೆ. “ಒತ್ತಿಲ್ಲ,” ಎನ್ನುತ್ತೇನೆ. ಒತ್ತಿರುತ್ತೇನೆ.

ಯುಗಾದಿ ಕಳೆದು ವಿಂಗಡಣೆ ಬಂತು. ಛತ್ರದೊಳಗೆ ಮರ ತರುವ ಹಾಗಿಲ್ಲ, ಆದರೂ ಅವ್ವನ ಕೋಲನ್ನು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ನಡೆದದ್ದನ್ನು ಬೋರಲಿಂಗಯ್ಯನವರೇ ಎದ್ದು ನಿಂತು ಹೇಳಿದರು. ಆಗ ಜಗಳ ಹುಟ್ಟಿತು. ಕೈ ಇಟ್ಟವಳು ಹೊನ್ನಾಜಮ್ಮ, ಅವಳನ್ನು ಈಶಾನ್ಯಕ್ಕೆ ಹಾಕಿ ಎಂದರು ಕೆಲವರು. ದುಡಿದವನು ರೋಗಿ, ಅವನನ್ನೇ ನಿಲ್ಲಿಸಿ ಎಂದರು ಇನ್ನು ಕೆಲವರು. ದಾರಿ ತೋರಿಸಿದವಳು ಅವಳವ್ವ, ಆದರೆ ಕೈಯನ್ನೇ ಮುಟ್ಟಿಸದೆ ಬರೀ ಬಾಯಲ್ಲಿ ಹೇಳಿದವಳನ್ನು ಕೈಯವಳು ಎನ್ನಬಹುದೇ ಎಂದು ಮೂರನೆಯ ಗುಂಪು ಕೂಗಾಡಿತು. ನಾನು ಬಾಯಿ ಹಾಕಲು ಎದ್ದೆ.

ಅಷ್ಟರಲ್ಲಿ ಅವ್ವನಿಗೆ ನಿಂತು ನಿಂತು ಸಾಕಾಗಿತ್ತು. ಮೂರು ಮೂಲೆಯಲ್ಲೂ ಜನ ತುಂಬಿದ್ದರು. ಖಾಲಿಯಿದ್ದದ್ದು ದೀಪದ ಮೂಲೆ ಒಂದೇ. ಯಾರನ್ನೂ ಕೇಳದೆ ಅವಳು ಆ ಕಡೆ ಹೊರಟಳು. ಕೋಲು ಕಲ್ಲಿಗೆ ತಾಗಿದೊಡನೆ ಛತ್ರದ ತುಂಬ ಅಪ್ಪನ ದನಿ ಕೇಳಿಸಿತು.

“ಅಯ್ಯೋ ಶಿವನೇ, ಮುಗೀತು ಕಣೇ!”

“ಇನ್ನೂ ಮುಗ್ದಿಲ್ಲ,” ಎಂದಳು ಅವ್ವ. “ನಡೀರಿ.”